ಉಳಿದ ಆರು ಸಿ.ಎಲ್.

ಡಿಸೆಂಬರ್ ಮೂರನೇ ವಾರ ಬಂತೆಂದರೆ ನಮ್ಮ ಪಂಚಾಯಿತಿ ಆಫೀಸಿನ ಬೀರುವಿನಿಂದ ಒಂದು ಪುಸ್ತಕ ಹೊರಗೆ ಬರುತ್ತದೆ. ಹನ್ನೊಂದು ತಿಂಗಳು ಅದನ್ನು ಯಾರೂ ಕೇಳುವುದಿಲ್ಲ. ಹಾಜರಿ ಪುಸ್ತಕದ ತಮ್ಮ ಅದು, ಸಿ.ಎಲ್., ಅಂದರೆ ಸಾಂದರ್ಭಿಕ ರಜೆಯ ಪುಸ್ತಕ. ರಟ್ಟು ಕಿತ್ತುಹೋಗಿದೆ, ಬೆನ್ನಿಗೆ ಕಂದು ಟೇಪು ಅಂಟಿಸಿದ್ದೇವೆ. ಈ ಒಂದು ವಾರ ಮಾತ್ರ ಅದಕ್ಕೆ ಎಲ್ಲಿಲ್ಲದ ಮರ್ಯಾದೆ. ಒಬ್ಬೊಬ್ಬರೂ ತಮ್ಮ ಪುಟ ಹುಡುಕಿ, ಬೆರಳಿಟ್ಟು ಎಣಿಸುತ್ತಾರೆ. ನಾನೂ ಎಣಿಸಿದೆ. ಹತ್ತರಲ್ಲಿ ನಾಲ್ಕು ಹೋಗಿ ಆರು ಉಳಿದಿದ್ದವು.

ಹೋದ ನಾಲ್ಕಾದರೂ ಹೇಗೆ ಹೋದವು ಅಂತ ನೋಡಿದೆ. ಎರಡು ಜ್ವರಕ್ಕೆ, ಒಂದು ಸೋದರತ್ತೆಯ ತಿಥಿಗೆ, ಇನ್ನೊಂದು ಗ್ಯಾಸ್ ಗೀಸರ್ ರಿಪೇರಿಯವನಿಗೆ ಕಾದು ಕೂತಿದ್ದಕ್ಕೆ. ಅವನು ಆವತ್ತು ಬರಲಿಲ್ಲ.

ನಮ್ಮದು ಬೇಲೂರು ಕಡೆಯ ಪಂಚಾಯಿತಿ. ಅರ್ಧ ಕಾಫಿ ತೋಟ, ಅರ್ಧ ಗದ್ದೆ. ನಾನು ಅಲ್ಲಿ ಲೆಕ್ಕ ಸಹಾಯಕ. ಸರ್ಕಾರಿ ನೌಕರಿಯ ಹೊರಗಿರುವವರಿಗೆ ನಮ್ಮ ರಜೆಯ ಲೆಕ್ಕ ಸುಲಭಕ್ಕೆ ತಿಳಿಯುವುದಿಲ್ಲ. ಊರಿನ ಭಾಷೆಯಲ್ಲೇ ಹೇಳಿಬಿಡುತ್ತೇನೆ. ಗಳಿಕೆ ರಜೆ ಅನ್ನುವುದು ಕಾಳುಮೆಣಸು. ಒಣಗಿಸಿ ಚೀಲ ಕಟ್ಟಿ ಅಟ್ಟಕ್ಕೆ ಹಾಕಿದರೆ ವರ್ಷಗಟ್ಟಲೆ ಕೂತಿರುತ್ತದೆ, ಏನೂ ಆಗುವುದಿಲ್ಲ. ನಿವೃತ್ತಿ ಹೊತ್ತಿಗೆ 300 ದಿನ ಗುಡ್ಡೆ ಹಾಕಿಕೊಂಡು ಅಷ್ಟನ್ನೂ ದುಡ್ಡು ಮಾಡಿಕೊಂಡು ಹೋಗುವ ಪುಣ್ಯವಂತರಿದ್ದಾರೆ. ಸಿ.ಎಲ್. ಅನ್ನುವುದು ಹಣ್ಣಾದ ಅರೇಬಿಕಾ ಕಾಫಿ. ಕುಯ್ದ ದಿನವೇ ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕಬೇಕು. ಇಟ್ಟುಕೊಂಡು ಕೂತರೆ ಹುಳಿ ಬರುತ್ತದೆ. ಡಿಸೆಂಬರ್ 31 ದಾಟಿದರೆ ಮುಗಿಯಿತು. ಮುಂದಿನ ವರ್ಷಕ್ಕೂ ಹೋಗುವುದಿಲ್ಲ, ದುಡ್ಡೂ ಆಗುವುದಿಲ್ಲ.

ಮೊದಲು ಇವು ವರ್ಷಕ್ಕೆ 15 ಇದ್ದವು. 2019ರ ಜೂನ್‌ನಲ್ಲಿ ನಾಲ್ಕನೇ ಶನಿವಾರವೂ ರಜೆ ಅಂತ ಆದೇಶವಾಯಿತು. ಅದೇ ಆದೇಶದಲ್ಲಿ ಸಿ.ಎಲ್. 10ಕ್ಕೆ ಇಳಿಯಿತು. ಕಾಗದದ ಮೇಲೆ ಹನ್ನೆರಡು ಬಂದು ಐದು ಹೋಯಿತು, ಏಳು ಲಾಭ. ಆದರೆ ಊರಿನ ಪೈಪಿಗೆ ಎರಡನೇ ಶನಿವಾರ ಯಾವುದು, ನಾಲ್ಕನೇ ಶನಿವಾರ ಯಾವುದು ಅಂತ ಗೊತ್ತಾಗುವುದಿಲ್ಲವಲ್ಲ. ಅದು ತನಗೆ ತೋಚಿದ ದಿನ ಒಡೆಯುತ್ತದೆ.

‘ಅಷ್ಟು ರಜೆ ಇಟ್ಕೊಂಡು ಏನ್ರೀ ಮಾಡಿದ್ರಿ?’ ಅಂತ ಮನೆಯಲ್ಲಿ ಕೇಳುತ್ತಾರೆ. ಕೇಳುವುದು ಸುಲಭ. ಜೂನ್‌ನಲ್ಲಿ ಮಳೆ, ಯಾವಾಗ ಏನು ಬೀಳುತ್ತದೋ ಅಂತ ಒಂದೂ ಮುಟ್ಟುವುದಿಲ್ಲ. ಆಗಸ್ಟ್‌ನಲ್ಲಿ ಜಮಾಬಂದಿ, ಅಂದರೆ ಪಂಚಾಯಿತಿ ಲೆಕ್ಕಪತ್ರದ ತಪಾಸಣೆ. ದೀಪಾವಳಿ ಹತ್ತಿರ ಬಂದರೆ ಹಾಸನಾಂಬೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಗುಡಿಯ ಬಾಗಿಲು ತೆಗೆದರೆ, ಬಲಿಪಾಡ್ಯಮಿ ಆದ ಮಾರನೇ ದಿನ ಮುಚ್ಚುತ್ತದೆ. ವರ್ಷಕ್ಕೆ ಒಮ್ಮೆ ಮಾತ್ರ ದರ್ಶನ, ಹಾಗಾಗಿ ರಾಜ್ಯವೇ ಹಾಸನಕ್ಕೆ ಬರುತ್ತದೆ. ಆ ಸಾಲು ಕಾಯಲು ಜನ ಬೇಕು. ಜನ ಅಂದರೆ ನಾವು. ಒಂದು ವರ್ಷ ನನ್ನನ್ನು ರಾತ್ರಿ ಪಾಳಿಗೆ ಹಾಕಿದ್ದರು. ದೇವಿಯನ್ನು ನೋಡಲು ಬಂದವರ ಬೆನ್ನು ನೋಡುತ್ತಾ ಐದು ರಾತ್ರಿ ನಿಂತಿದ್ದೆ. ದರ್ಶನ ಆಯಿತಾ ಅಂತ ಅಮ್ಮ ಕೇಳಿದರು. ಆಯಿತು ಅಂದೆ. ಬಾಗಿಲ ಕಡೆ ಕೈ ಮುಗಿದದ್ದೂ ಲೆಕ್ಕ ಅಲ್ವಾ?

ಅದು ಮುಗಿಯುವಷ್ಟರಲ್ಲಿ ಡಿಸೆಂಬರ್. ಬೆಳಗಾವಿಯಲ್ಲಿ ವಿಧಾನಮಂಡಲದ ಅಧಿವೇಶನ. ಸುವರ್ಣ ಸೌಧಕ್ಕೂ ನಮ್ಮ ಹೆಂಚಿನ ಆಫೀಸಿಗೂ ಏನು ಸಂಬಂಧ ಅನ್ನಿಸಬಹುದು. ಇದೆ. ಅಲ್ಲಿ ಯಾರೋ ಶಾಸಕರು ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು ಕೇಳಿರುತ್ತಾರೆ. ಅದು ಇಲಾಖೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಉರುಳುತ್ತಾ ಬಂದು, ಕೊನೆಗೆ ನನ್ನ ಮೊಬೈಲಿನಲ್ಲಿ ಟುಣ್ ಅನ್ನುತ್ತದೆ. ಮೂರು ವರ್ಷದಲ್ಲಿ ಎಷ್ಟು ಬೀದಿ ದೀಪ ಹಾಕಿದ್ದೀರಿ, ಎಷ್ಟು ಕೆಟ್ಟಿವೆ, ಬೆಳಿಗ್ಗೆ ಹನ್ನೊಂದರೊಳಗೆ ಕಳಿಸಿ, ಮಾಹಿತಿ ಇಲ್ಲದಿದ್ದರೆ ‘ಶೂನ್ಯ’ ಅಂತಲಾದರೂ ಕಳಿಸಿ. ಮೆಸೇಜ್ ಬಂದಿರುವುದು ಹತ್ತೂ ಮುಕ್ಕಾಲಿಗೆ. ಹೀಗಿರುವಾಗ ರಜಾ ಚೀಟಿ ಹಿಡಿದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ನಮ್ಮ ಪಿಡಿಒ ಮೇಡಂ ಮುಂದೆ ಯಾವ ಮುಖದಲ್ಲಿ ನಿಲ್ಲುವುದು? ಅವರಿಗೇ ಎರಡು ಪಂಚಾಯಿತಿಯ ಜವಾಬ್ದಾರಿ. ಅವರ ಸಿ.ಎಲ್. ಒಂಬತ್ತು ಉಳಿದಿದ್ದವು. ಆ ಪುಟ ನೋಡಿದ ಮೇಲೆ ನನ್ನ ಆರರ ಬಗ್ಗೆ ಮಾತೇ ಹೊರಡಲಿಲ್ಲ.

ವರ್ಷದ ಕೊನೆಗೆ ಆದೇಶಗಳ ಮಳೆಯೂ ಜಾಸ್ತಿ. ಗಳಿಕೆ ರಜೆಯಲ್ಲಿ 15 ದಿನ ಮಾರಿಕೊಳ್ಳಬಹುದು ಅನ್ನುವ ಆದೇಶ ಬಂತಾ, ಹೊಸ ಪಿಂಚಣಿ ಹೋಗಿ ಹಳೆಯದು ಬಂತಾ. ಈ ಎರಡನೆಯದು ಪ್ರತಿ ಡಿಸೆಂಬರಿನ ಮಾಮೂಲಿ ಅತಿಥಿ. 2006ರ ಏಪ್ರಿಲ್ 1ರಿಂದ ಈಚೆ ಕೆಲಸಕ್ಕೆ ಸೇರಿದವರಲ್ಲಿ ಹೆಚ್ಚಿನವರು ಎನ್.ಪಿ.ಎಸ್., ಅಂದರೆ ಹೊಸ ಪಿಂಚಣಿಯ ಬೆಂಚಿನವರು, ನಾನೂ ಅದರಲ್ಲೇ. ಅಧಿವೇಶನದ ವೇಳೆ ಯಾರಾದರೂ ‘ಆಯ್ತಂತೆ ಕಣ್ರೀ’ ಅಂದರೆ ಸಾಕು, ಕೈಲಿದ್ದ ಪೆನ್ನು ಹಾಗೇ ನಿಲ್ಲುತ್ತದೆ. ಆಮೇಲೆ ನೋಡಿದರೆ ಅದು ಬೇರೆ ಯಾವುದೋ ರಾಜ್ಯದ ಸುದ್ದಿ.

ಡಿ.ಎ., ಅಂದರೆ ತುಟ್ಟಿಭತ್ಯೆಯ ಸುದ್ದಿ ನಮಗಿಂತ ಮೊದಲು ಬಸ್ ಸ್ಟ್ಯಾಂಡ್ ಹೋಟೆಲಿಗೆ ತಿಳಿಯುತ್ತದೆ, ಅಲ್ಲಿ ಟಿ.ವಿ. ಇದೆ. ‘ಮತ್ತೆ ಜಾಸ್ತಿ ಆಯ್ತಂತಲ್ಲ ಸಾರ್, ಟೀ ಕೊಡ್ಸಿ’ ಅಂತ ಅಲ್ಲಿದ್ದವರು ಹಿಡಿದುಕೊಳ್ಳುತ್ತಾರೆ. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಸಂಬಳ ಬಂದಾಗ ಇದು ಅತಿಯಾಗಿತ್ತು. ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತ್ತು, 58.5 ಪರ್ಸೆಂಟ್ ಅಂತ ಎಲ್ಲ ಕಡೆ ಬಂದಿತ್ತು. ಅದರಲ್ಲಿ 31 ಪರ್ಸೆಂಟ್ ನಾವು ಮೊದಲಿಂದ ತೆಗೆದುಕೊಳ್ಳುತ್ತಿದ್ದ ಡಿ.ಎ., ಅದನ್ನು ಮೂಲ ವೇತನಕ್ಕೆ ಸೇರಿಸಿದ್ದಾರೆ ಅಷ್ಟೆ, ನಿಜವಾಗಿ ಕೊಟ್ಟದ್ದು 27.5 ಅಂತ ಬಿಡಿಸಿ ಹೇಳಲು ಹೋದೆ. ಪೂರ್ತಿ ಕೇಳಿದರು. ಕೇಳಿ, ‘ಹಂಗಾರೆ ಟೀ ಜೊತೆ ಒಂದು ವಡೇನೂ ಹೇಳಿ’ ಅಂದರು.

ಅದಾದ ಮೇಲೆ ಡಿ.ಎ. ಮತ್ತೆ 8.5ರಿಂದ ಶುರುವಾಯಿತು. ಆಮೇಲೆ 10.75, ಆಮೇಲೆ 12.25, 2025ರ ಜುಲೈ ಲೆಕ್ಕಕ್ಕೆ 14.25. ಬಾಯಲ್ಲಿ ಹೇಳಿ ನೋಡಿ, ಎಂಟೂವರೆ, ಹತ್ತೂ ಮುಕ್ಕಾಲು, ಹನ್ನೆರಡೂ ಕಾಲು. ಸಂತೆಯಲ್ಲಿ ಬೀನ್ಸ್ ತೂಗಿಸಿದ ಹಾಗಿದೆ. ಜನವರಿಯದೂ ಜುಲೈಯದೂ ಆ ತಿಂಗಳೇ ಬರುವುದಿಲ್ಲ, ತಿಂಗಳುಗಟ್ಟಲೆ ತಡವಾಗಿ ಬಾಕಿ ಸಮೇತ ಬರುತ್ತದೆ. ಮನೆಯಲ್ಲಿ ಅಷ್ಟರೊಳಗೆ ಆ ಬಾಕಿಗೆ ಮೂರು ಖರ್ಚು ಹುಟ್ಟಿರುತ್ತವೆ.

ಪ್ರತಿ ಸಲವೂ ಸುದ್ದಿ ಕೇಳಿ ಕಿಟಕಿಯ ಹತ್ತಿರ ಬರುವವನು ನಮ್ಮ ನೀರುಗಂಟಿ. ಒಳಗೆ ಬರುವುದಿಲ್ಲ, ಕಾಲೆಲ್ಲ ಕೆಸರು. ಕಿಟಕಿ ಸರಳು ಹಿಡಿದು, ‘ನಮ್ದೇನಾರ ಐತಾ ಸಾ ಅದ್ರಾಗೆ?’ ಅನ್ನುತ್ತಾನೆ. ಇಲ್ಲ ಮಾರಾಯ, ನಿನ್ನದು ಕನಿಷ್ಠ ವೇತನದ ಲೆಕ್ಕ, ಅದರ ತುಟ್ಟಿಭತ್ಯೆ ಏಪ್ರಿಲ್‌ಗೆ ಅನ್ನುತ್ತೇನೆ. ‘ಏಪ್ರಿಲ್ಲಾ’ ಅನ್ನುತ್ತಾನೆ, ಏಪ್ರಿಲ್ ಅನ್ನುವುದು ಸಕಲೇಶಪುರದ ಆಚೆ ಎಲ್ಲೋ ಇರುವ ಊರು ಅನ್ನುವಂತೆ. ಅವನಿಗೆ ಸಿ.ಎಲ್. ಪುಸ್ತಕದಲ್ಲಿ ಪುಟ ಇಲ್ಲ. ಅವನು ಒಂದು ದಿನ ಬರಲಿಲ್ಲ ಅಂದರೆ ಮುನ್ನೂರು ಮನೆಯ ನಲ್ಲಿ ಒಣಗುತ್ತದೆ. ಹಾಗಾಗಿ ಅವನು ಬರದ ದಿನವೇ ಇಲ್ಲ. ಅವನ ಮದುವೆಯ ದಿನವೂ ಬೆಳಿಗ್ಗೆ ಐದಕ್ಕೆ ವಾಲ್ ತಿರುಗಿಸಿ ಆಮೇಲೆ ಧಾರೆಗೆ ಕೂತನಂತೆ. ಅದು ಅವನೇ ಹೇಳಿದ ಕಥೆ, ಸ್ವಲ್ಪ ಉಪ್ಪುಖಾರ ಸೇರಿರಬಹುದು.

ನಮ್ಮ ವರ್ಷಕ್ಕೆ ಕೊನೆ ಎರಡು. ರಜೆಗೆ ಡಿಸೆಂಬರ್, ದುಡ್ಡಿಗೆ ಮಾರ್ಚ್. ಎರಡನೆಯದರ ಕಥೆ ಬಿಲ್ ಕಲೆಕ್ಟರ್ ಬಾಯಲ್ಲಿ ಕೇಳಬೇಕು. ಕಂದಾಯ ಕೇಳಲು ಡಿಸೆಂಬರಿನಲ್ಲಿ ಹೋದರೆ ‘ಅರೇಬಿಕಾ ಕುಯ್ಲು ಮುಗೀಲಿ’ ಅನ್ನುತ್ತಾರೆ. ಜನವರಿಯಲ್ಲಿ ‘ರೊಬಸ್ಟಾ ಇನ್ನೂ ಗಿಡದಲ್ಲೇ ಐತೆ’. ಫೆಬ್ರವರಿಯಲ್ಲಿ ‘ಕಣದಲ್ಲಿ ಒಣಗ್ತಿದೆ ಕಾಣಲ್ವಾ?’ ಮಾರ್ಚ್‌ನಲ್ಲಿ ‘ರೇಟ್ ಬರಲಿ’. ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಬಂದಿಲ್ಲ, ಮನಸ್ಸೇ ಸರಿ ಇಲ್ಲ.

ಅದಿರಲಿ, ಡಿಸೆಂಬರಿಗೆ ಬರೋಣ. ಮುಂದಿನ ವರ್ಷದ ರಜಾ ಪಟ್ಟಿ ನವೆಂಬರಿನಲ್ಲೇ ಬಂದಿರುತ್ತದೆ. ಅದನ್ನು ನಾವು ಓದುವ ರೀತಿಯೇ ಬೇರೆ. ಇರುವ ರಜೆ ನೋಡುವುದಿಲ್ಲ, ಭಾನುವಾರಕ್ಕೆ ಬಿದ್ದು ಸತ್ತ ರಜೆ ಯಾವುವು ಅಂತ ಮೊದಲು ನೋಡುತ್ತೇವೆ. 2026ರಲ್ಲಿ ಶಿವರಾತ್ರಿ ಭಾನುವಾರ. ರಾತ್ರಿಯೆಲ್ಲ ಜಾಗರಣೆ ಮಾಡಿ ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ತೂಕಡಿಸಬೇಕು. ರಾಜ್ಯೋತ್ಸವವೂ ಭಾನುವಾರವೇ. ಪಟ್ಟಿಯ ಕೆಳಗೆ ಕೊಡಗು ಜಿಲ್ಲೆಗೆ ಮಾತ್ರ ಅಂತ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಇರುತ್ತವೆ. ನಮ್ಮ ಜಿಲ್ಲೆ ಕೊಡಗಿಗೆ ಅಂಟಿಕೊಂಡೇ ಇದೆ. ಗಡಿಯ ಆ ಕಡೆ ಹುತ್ತರಿ, ಈ ಕಡೆ ಹಾಜರಿ. ಆ ಮೂರು ಸಾಲನ್ನು ನಾವು ಪಕ್ಕದ ಮನೆಯ ಒಗ್ಗರಣೆ ವಾಸನೆ ಹಿಡಿದ ಹಾಗೆ ಓದುತ್ತೇವೆ.

2025ರ ಕೊನೆಯಲ್ಲಿ ಒಂದು ಅಪರೂಪದ ಶುಕ್ರವಾರ ಇತ್ತು. 25 ಗುರುವಾರ ಕ್ರಿಸ್‌ಮಸ್. 27 ನಾಲ್ಕನೇ ಶನಿವಾರ. 28 ಭಾನುವಾರ. ಮಧ್ಯೆ 26ಕ್ಕೆ ಒಂದು ಸಿ.ಎಲ್. ಹಾಕಿದರೆ ಸಾಲಾಗಿ ನಾಲ್ಕು ದಿನ. ಇದನ್ನು ಕಂಡುಹಿಡಿದದ್ದು ನಾನೊಬ್ಬನೇ ಅಂದುಕೊಂಡು ಗುಟ್ಟಾಗಿಟ್ಟಿದ್ದೆ. ಚೀಟಿ ಕೊಡಲು ಹೋದಾಗ ಮೇಡಂ ಮೇಜಿನ ಮೇಲೆ ಅದೇ ದಿನಕ್ಕೆ ಮೂರು ಚೀಟಿ ಇದ್ದವು. ನಾಲ್ಕನೆಯದನ್ನು ಅವರೇ ಬರೆಯುತ್ತಿದ್ದರು. ಕಣ್ಣು ಕಣ್ಣು ಸೇರಿದವು. ಅವರು ತಮ್ಮದನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು, ನಾನು ನನ್ನದನ್ನು ಜೇಬಿಗೆ. ಚಿಕ್ಕ ಮಗುವಿರುವ ಡೇಟಾ ಎಂಟ್ರಿ ಹುಡುಗಿಗೆ ಆ ಶುಕ್ರವಾರ ಹೋಯಿತು. ನನಗೆ 29, 30, 31 ಸಿಕ್ಕಿತು. ಉಳಿದ ಮೂರು ಹಾಗೇ ಹುಳಿಯಾಗಲಿ ಅಂತ ಬಿಟ್ಟೆ.

29ರ ಸೋಮವಾರ. ಹಾಜರಿ ಪುಸ್ತಕದಲ್ಲಿ ನನ್ನ ಮೂರು ದಿನದ ಚೌಕಗಳಿಗೆ ಮೊದಲೇ ಕೆಂಪು ಶಾಯಿಯಲ್ಲಿ ಸಿ.ಎಲ್. ಅಂತ ಬರೆದಾಗಿತ್ತು. ಎಂಟಕ್ಕೆ ಏಳಬೇಕು ಅಂತ ಮಲಗಿದ್ದೆ. ಅಭ್ಯಾಸಬಲ, ಐದೂವರೆಗೇ ಎಚ್ಚರವಾಯಿತು. ಅಂಗಿ ಕೊಡವಿದಾಗ ಜೇಬಿನಿಂದ ಬೀರುವಿನ ಬೀಗದ ಕೈ ಬಿತ್ತು. ಬೀರುವಿನಲ್ಲಿ ಚೆಕ್ ಪುಸ್ತಕ, ಸೀಲು ಎಲ್ಲ ಇದೆ. ‘ಕೊಟ್ಟು ಐದೇ ನಿಮಿಷಕ್ಕೆ ಬಂದುಬಿಡ್ತೀನಿ’ ಅಂದೆ. ಮನೆಯಲ್ಲಿ ಏನೂ ಹೇಳಲಿಲ್ಲ. ಕಾಫಿ ಲೋಟ ಮಾತ್ರ ಸ್ವಲ್ಪ ಜೋರಾಗಿ ಕೆಳಗೆ ಕೂತಿತು.

ಮಂಜು ಕಟ್ಟಿತ್ತು. ಹತ್ತು ಹೆಜ್ಜೆ ಮುಂದಿನ ಸಿಲ್ವರ್ ಓಕ್ ಕಾಣುವುದಿಲ್ಲ. ತೋಟದ ಲೈನ್ ಮನೆಗಳ ಕಡೆಯಿಂದ ಕೂಲಿಯವರ ಮಾತು ಕೇಳುತ್ತಿತ್ತು, ಜನ ಕಾಣಲಿಲ್ಲ. ಆಫೀಸಿನ ಹಿಂದೆ ಟ್ಯಾಂಕಿನ ಬುಡದಲ್ಲಿ ನೀರು ಚಿಮ್ಮುವ ಸದ್ದು. ನೀರುಗಂಟಿ ಗುಂಡಿಯೊಳಗೆ ಮೊಣಕಾಲವರೆಗೆ ಇಳಿದಿದ್ದ, ಬಾಯಲ್ಲಿ ಮೊಬೈಲ್ ಕಚ್ಚಿಕೊಂಡು ಅದರ ಬೆಳಕಿನಲ್ಲಿ ಪಾನಾ ತಿರುಗಿಸುತ್ತಿದ್ದ. ನನ್ನನ್ನು ಕಂಡು ಮೊಬೈಲು ಕೈಗೆ ತೆಗೆದುಕೊಂಡ.

‘ಸಾ, ನೀವು ಇವತ್ತು ರಜ ಅಲ್ವಾ?’

‘ಹೂಂ ಕಣೋ.’

‘ಆಫೀಸ್ ಕೆಲ್ಸ ಏನೂ ಇಲ್ವಾ?’

‘ಏನೂ ಇಲ್ಲ.’

‘ಹಂಗಾರೆ ಇದನ್ನ ಸ್ವಲ್ಪ ಹಿಡ್ಕಳಿ’ ಅಂತ ಮೊಬೈಲನ್ನು ನನ್ನ ಕೈಗೆ ಕೊಟ್ಟ. ಅವನು ವಾಲಿಗೆ ಬಟ್ಟೆ ಸುತ್ತಿ ಮುಗಿಸುವಷ್ಟರಲ್ಲಿ ಗಂಟೆ ಎಂಟಾಗಿತ್ತು.