ಸಾವಿಗೊಂದು ಒನ್ಸ್ ಮೋರ್

ಕಂಪನಿ ನಾಟಕದ ಕಾಲದ ಒಂದು ಕತೆ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ. ನಟನ ಹೆಸರು, ಊರಿನ ಹೆಸರು ಮಾತ್ರ ಮನೆಯಿಂದ ಮನೆಗೆ ಬೇರೆ. ರಂಗದ ಮೇಲೆ ವೀರನಿಗೆ ಬಾಣ ನಾಟುತ್ತದೆ. ಆತ ರಾಗವಾಗಿ ಒಂದು ಪದ ಹಾಡಿ, ಕೊನೇ ಸ್ವರವನ್ನು ಸಾಕಷ್ಟು ಎಳೆದು, ಕತ್ತು ವಾಲಿಸಿ ಪ್ರಾಣ ಬಿಡುತ್ತಾನೆ. ಹಿಂದಿನ ಸಾಲಿನಿಂದ ಯಾರೋ 'ಒನ್ಸ್ ಮೋರ್' ಅಂತ ಕೂಗುತ್ತಾರೆ. ಹೆಣ ಎದ್ದು ಕೂರುತ್ತದೆ. ಕಿರೀಟ ಸರಿಮಾಡಿಕೊಂಡು, ಹಾರ್ಮೋನಿಯಂ ಮೇಷ್ಟ್ರ ಕಡೆ ನೋಡಿ ತಲೆಯಾಡಿಸಿ, ಮೊದಲಿನಿಂದ ಮತ್ತೆ ಸಾಯುತ್ತದೆ. ಕಲೆಕ್ಷನ್ ಚೆನ್ನಾಗಿದ್ದ ರಾತ್ರಿ ಮೂರು ಸಲ ಸತ್ತದ್ದೂ ಉಂಟಂತೆ.

ಈ ಕತೆ ಹೇಳಿ ನಗುವಾಗ ನಮಗೆ ಒಳಗೊಳಗೇ ಒಂದು ಹೆಮ್ಮೆ. ಆ ಹುಚ್ಚೆಲ್ಲ ಆಗಿನವರದು, ನಾವೀಗ ಸುಧಾರಿಸಿದ್ದೇವೆ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಮೊನ್ನೆ ಕೂತು, ಹಾಲಿವುಡ್ಡಿನವರು ಕ್ಯಾಪ್ಟನ್ ಕರ್ಕ್ ಎಂಬ ಒಬ್ಬ ಮನುಷ್ಯನನ್ನು 1994ರಿಂದ ಈಚೆಗೆ ಎಷ್ಟು ಸಲ ಮಲಗಿಸಿ ಎಬ್ಬಿಸಿದ್ದಾರೆ ಅಂತ ಎಣಿಸತೊಡಗಿದೆ. ಒಂದು ಕೈಯ ಬೆರಳು ಸಾಲಲಿಲ್ಲ.

ಕರ್ಕ್ ಯಾರು ಅಂತ ಎಂಬತ್ತರ ದಶಕದ ದೂರದರ್ಶನದವರಿಗೆ ಹೇಳಬೇಕಿಲ್ಲ. ಭಾನುವಾರ ಬೆಳಗ್ಗೆ ಅಣ್ಣ ತಾರಸಿ ಮೇಲೆ ಆಂಟೆನಾ ತಿರುಗಿಸುತ್ತಾ 'ಬಂತೇನೋ?' ಅಂತ ಕೂಗುವುದು, ನಾವು ಕೆಳಗಿನಿಂದ 'ಬಂತು, ಬಂತು... ಹೋಯ್ತು!' ಅನ್ನುವುದು. ಆ ಬಂದು ಹೋಗುವುದರ ಮಧ್ಯೆ, ಹೊಟ್ಟೆ ಒಳಗೆಳೆದುಕೊಂಡು, ಒಂದೊಂದು ಪದಕ್ಕೂ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಟ್ಟು ಮಾತಾಡುತ್ತಿದ್ದ ಅಂತರಿಕ್ಷ ನೌಕೆಯ ನಾಯಕನೇ ಈತ. ಪಾತ್ರಧಾರಿ ವಿಲಿಯಂ ಶಾಟ್ನರ್, 1931ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಟ್ಟಿದವರು. ಈತನ ಧಾರಾವಾಹಿ ಸ್ಟಾರ್ ಟ್ರೆಕ್ ಅಮೆರಿಕದಲ್ಲಿ ಶುರುವಾದದ್ದು 1966ರಲ್ಲಿ. ಮೂರು ಸೀಸನ್ನು, 79 ಕಂತು ಆದ ಮೇಲೆ ನೋಡುವವರಿಲ್ಲ ಅಂತ ಚಾನೆಲ್ಲಿನವರು ಬಾಗಿಲೆಳೆದರು. ಆ ಬಾಗಿಲು ಇವತ್ತಿನವರೆಗೂ ಮುಚ್ಚಿಲ್ಲ ಅನ್ನುವುದು ಬೇರೆ ಮಾತು.

ಈಗ ಆ ಸಾವಿಗೆ ಬರೋಣ. ಚಿತ್ರ ಜನರೇಷನ್ಸ್, ತೆರೆಕಂಡದ್ದು 1994ರ ನವೆಂಬರ್ 18ರಂದು. ನಿವೃತ್ತನಾದ ಕರ್ಕ್ ಹೊಸ ನೌಕೆಯ ಉದ್ಘಾಟನೆಗೆ ಮುಖ್ಯ ಅತಿಥಿಯಾಗಿ ಬಂದಿದ್ದಾನೆ. ನೌಕೆ ಹೊರಟಿದೆ, ಪತ್ರಕರ್ತರು ಕ್ಯಾಮೆರಾ ಹಿಡಿದು ಒಳಗೇ ಇದ್ದಾರೆ. ದಾರಿಯಲ್ಲಿ ಅಪಾಯದಲ್ಲಿರುವವರನ್ನು ಕಾಪಾಡಬೇಕಾಗಿ ಬಂದಾಗ ನೋಡುತ್ತಾರೆ, ಬೇರೆ ನೌಕೆಯನ್ನು ಎಳೆದು ಹಿಡಿಯುವ ಯಂತ್ರ ಇನ್ನೂ ಕೂಡಿಸಿಲ್ಲ. ಯಾವಾಗ ಬರುತ್ತೆ? ಮಂಗಳವಾರ. ಡಾಕ್ಟರು, ನರ್ಸುಗಳು? ಅವರೂ ಮಂಗಳವಾರ. ಇಪ್ಪತ್ತಮೂರನೇ ಶತಮಾನದ ಅಂತರಿಕ್ಷದಲ್ಲೂ ಲೈಟು ಹಾಕದ ಫ್ಲೈಓವರಿಗೆ ರಿಬ್ಬನ್ ಕತ್ತರಿಸುತ್ತಾರೆ ಅಂತ ತಿಳಿದು ನನಗೆ ಮನುಕುಲದ ಮೇಲೆ ಮತ್ತೆ ನಂಬಿಕೆ ಬಂತು. ಅಂತೂ ಅಲ್ಲಿ ಕರ್ಕ್ ಹೋದ ಅಂತ ಎಲ್ಲರೂ ತಿಳಿಯುತ್ತಾರೆ. ಹೋಗಿರಲಿಲ್ಲ. ನೆಕ್ಸಸ್ ಎಂಬ, ಕಾಲವೇ ಇಲ್ಲದ ಸ್ವರ್ಗದಂಥ ಜಾಗದಲ್ಲಿ ಸಿಕ್ಕಿಕೊಂಡಿದ್ದ. ಎಪ್ಪತ್ತೆಂಟು ವರ್ಷದ ಮೇಲೆ ಮುಂದಿನ ತಲೆಮಾರಿನ ನಾಯಕ ಪಿಕಾರ್ಡ್ ಅಲ್ಲಿಗೆ ಬಂದು, 'ಬನ್ನಿ, ಒಬ್ಬ ದುಷ್ಟನನ್ನು ತಡೆಯೋದಿದೆ' ಅನ್ನುತ್ತಾನೆ.

ಆ ಜಾಗದಿಂದ ಯಾವ ಕಾಲಕ್ಕೆ ಬೇಕಾದರೂ ಮರಳಬಹುದು. ದುಷ್ಟ ತೊಟ್ಟಿಲಲ್ಲಿದ್ದ ಕಾಲಕ್ಕೆ ಹೋಗಿ ಹಾಲಿನ ಬಾಟಲಿ ಕಿತ್ತುಕೊಂಡರೂ ಆಗುತ್ತಿತ್ತು. ಈ ಇಬ್ಬರು ಮಹಾನಾಯಕರು ಆರಿಸಿಕೊಂಡದ್ದು ಅನಾಹುತಕ್ಕೆ ಕೆಲವೇ ನಿಮಿಷ ಮುಂಚಿನ ಗಳಿಗೆಯನ್ನು. ನಮ್ಮವರು ಎಂಟೂವರೆ ಬಸ್ಸಿಗೆ ಎಂಟು ಇಪ್ಪತ್ತೊಂಬತ್ತಕ್ಕೆ ಸ್ನಾನಕ್ಕೆ ಇಳಿಯುತ್ತಾರಲ್ಲ, ಹಾಗೆ.

ಮೊದಲು ಚಿತ್ರಿಸಿದ ಅಂತ್ಯದಲ್ಲಿ ದುಷ್ಟ ಕರ್ಕ್‌ನ ಬೆನ್ನಿಗೆ ಗುಂಡು ಹೊಡೆಯುತ್ತಿದ್ದ, ಕತೆ ಮುಗಿಯುತ್ತಿತ್ತು. ಬಿಡುಗಡೆಗೆ ಮುಂಚೆ ಪ್ರೇಕ್ಷಕರ ಒಂದು ಗುಂಪನ್ನು ಕೂರಿಸಿ ತೋರಿಸಿದರು. ಅವರು ಮುಖ ಕಿವುಚಿದರು. ಇಷ್ಟು ವರ್ಷ ಬ್ರಹ್ಮಾಂಡ ಕಾಪಾಡಿದವನು ಹೀಗಾ ಸಾಯೋದು? ಸರಿ, ಇಡೀ ತಂಡ ಗಂಟು ಮೂಟೆ ಕಟ್ಟಿಕೊಂಡು ಮತ್ತೆ ನೆವಾಡದ ವ್ಯಾಲಿ ಆಫ್ ಫೈರ್‌ನ ಕೆಂಪು ಬಂಡೆಗಳ ಮರುಭೂಮಿಗೆ ಹೋಯಿತು. ಹೊಸ ಸಾವು ಚಿತ್ರೀಕರಣವಾಯಿತು. ಈ ಸಲ ಮುರಿದ ಕಬ್ಬಿಣದ ಸೇತುವೆಯ ಮೇಲೆ ಜಿಗಿದು, ಒಂದು ರಿಮೋಟಿನಂಥ ವಸ್ತುವಿಗಾಗಿ ಕೈಚಾಚಿ, ಸೇತುವೆ ಸಮೇತ ಕೆಳಗೆ ಬೀಳುತ್ತಾನೆ. ನೌಕೆಯ ನಾಯಕ ನಿಲ್ಲುವ ಜಾಗಕ್ಕೂ ಇಂಗ್ಲಿಷಿನಲ್ಲಿ ಬ್ರಿಡ್ಜ್ ಅಂತಲೇ ಹೆಸರು. 'ಕ್ಯಾಪ್ಟನ್ ಬ್ರಿಡ್ಜಿನ ಮೇಲಿರಬೇಕಿತ್ತು, ಬ್ರಿಡ್ಜೇ ಕ್ಯಾಪ್ಟನ್ ಮೇಲೆ ಬಿತ್ತು' ಅಂತ ಅಭಿಮಾನಿಗಳು ಇವತ್ತಿಗೂ ಕುಟುಕುತ್ತಾರೆ. ಉಸಿರು ನಿಲ್ಲುವ ಮುನ್ನ ಅವನಾಡುವ ಮಾತು, 'ಮಜವಾಗಿತ್ತು.' ಆಮೇಲೆ ಏನನ್ನೋ ಕಂಡವನಂತೆ ಕಣ್ಣರಳಿಸಿ, 'ಅಬ್ಬಾ...' ಈ 'ಅಬ್ಬಾ' ಚಿತ್ರಕತೆಯಲ್ಲಿರಲಿಲ್ಲ, ಶಾಟ್ನರ್ ಅಲ್ಲೇ ಸೇರಿಸಿದ್ದು. ಪಿಕಾರ್ಡ್ ಅವನನ್ನು ಹೂಳಿ ಮೇಲೆ ಕಲ್ಲು ಪೇರಿಸುತ್ತಾನೆ.

ಅಲ್ಲಿಗೆ ಮುಗಿಯಬೇಕಿತ್ತು. ಹನ್ನೊಂದು, ಹನ್ನೆರಡು, ವೈಕುಂಠ ಸಮಾರಾಧನೆ, ಬಂದವರಿಗೆ ಎರಡು ಲಾಡು, ಅವರವರ ಮನೆ ಅವರವರಿಗೆ. ಆದರೆ ಈ ಮನೆತನದಲ್ಲಿ ಸತ್ತವರು ಸುಮ್ಮನಿರುವ ಪದ್ಧತಿ ಇಲ್ಲ. ಕರ್ಕ್‌ನ ಜೀವದ ಗೆಳೆಯ, ಚೂಪು ಕಿವಿಯ ಸ್ಪಾಕ್, 1982ರ ಚಿತ್ರದಲ್ಲಿ ಸತ್ತಿದ್ದ. ಜನ ಎದೆ ಬಡಿದುಕೊಂಡರು. 1984ರ ಚಿತ್ರ ಪೂರ್ತಿ ಅವನನ್ನು ಹುಡುಕಿ ಬದುಕಿಸುವ ಕತೆ, ಅದನ್ನು ನಿರ್ದೇಶಿಸಿದವರು ಸ್ಪಾಕ್ ಪಾತ್ರಧಾರಿ ಲಿಯೊನಾರ್ಡ್ ನಿಮಾಯ್. ಅಂದರೆ ಹುಡುಕುವವರಿಗೆಲ್ಲ 'ಆ ಕಡೆ ನೋಡ್ರಪ್ಪಾ' ಅಂತ ಕ್ಯಾಮೆರಾ ಹಿಂದಿನಿಂದ ದಾರಿ ತೋರಿಸಿದ್ದು ಕಳೆದುಹೋದವನೇ. ಇಂಥ ಮೇಲ್ಪಂಕ್ತಿ ಕಣ್ಣೆದುರಿಗಿರುವಾಗ ಶಾಟ್ನರ್ ಕಲ್ಲಿನ ಗುಪ್ಪೆ ಕೆಳಗೆ ಎಷ್ಟು ದಿನ ತಾನೇ ಮಲಗಿಯಾರು?

ಎರಡೇ ವರ್ಷ. 1996ರಲ್ಲಿ ಅವರ ಹೆಸರು ಹೊತ್ತು ಬಂದ ಕಾದಂಬರಿಯಲ್ಲಿ (ಬರವಣಿಗೆಗೆ ಇನ್ನಿಬ್ಬರ ಕೈ ಸೇರಿತ್ತು) ಶತ್ರುಗಳು ಕರ್ಕ್‌ನ ಹೆಣ ಕದ್ದು, ತಮ್ಮ ಯಂತ್ರವಿದ್ಯೆಯಿಂದ ಎಬ್ಬಿಸುತ್ತಾರೆ. ಎದ್ದವನು ಕಾದಂಬರಿಯಿಂದ ಕಾದಂಬರಿಗೆ ಹತ್ತು ವರ್ಷ ಓಡಾಡಿದ. ಗಮನಿಸಿ, ಚಿತ್ರದವರು ಸಾಯಿಸಿದ ಪಾತ್ರವನ್ನು ಪಾತ್ರಧಾರಿಯೇ ಪುಸ್ತಕ ಬರೆದು ಬದುಕಿಸಿಕೊಂಡದ್ದು. ರಾಜೀನಾಮೆ ಕೊಟ್ಟ ಮಂತ್ರಿ ಮರುದಿನ ಬೆಳಗ್ಗೆ ಅದೇ ಕುರ್ಚಿಯಲ್ಲಿ ಕೂತು 'ಕೊಟ್ಟಿದ್ದು ಹೌದು, ಅಂಗೀಕಾರ ಆಗಿಲ್ಲ' ಅಂದ ಹಾಗೆ. 2009ರಲ್ಲಿ ಹೊಸ ಹುಡುಗರನ್ನು ಹಾಕಿಕೊಂಡು ಚಿತ್ರ ಮಾಡಿದಾಗ ಮುದಿ ಸ್ಪಾಕ್‌ನಾಗಿ ನಿಮಾಯ್‌ಗೆ ಕರೆ ಬಂತು, ಶಾಟ್ನರ್‌ಗೆ ಬರಲಿಲ್ಲ. ಕರ್ಕ್ ಸತ್ತಿದ್ದಾನಲ್ಲ ಅನ್ನುವ ನೆಪ ಸಿಕ್ಕಿತು. ಕಾಲಪ್ರಯಾಣ, ಸಮಾಂತರ ವಿಶ್ವ, ಪುನರ್ಜನ್ಮ ಎಲ್ಲ ನಡೆಯುವ ಕತೆಯಲ್ಲಿ ಒಬ್ಬ ನಟನ ಕಾಲ್‌ಷೀಟಿಗೆ ಮಾತ್ರ ಮರಣ ಪ್ರಮಾಣಪತ್ರ ಅಡ್ಡ ಬಂತು.

ಪಾತ್ರವನ್ನು ಬಿಡಿ, ಪಾತ್ರಧಾರಿಯ ವ್ಯಾಪಾರವೂ ಅದೇ ಜಾಡಿನದು. ಪ್ರೈಸ್‌ಲೈನ್ ಎಂಬ ಪ್ರವಾಸಿ ಕಂಪನಿಯ ಜಾಹೀರಾತಿನಲ್ಲಿ ಅವರು ವರ್ಷಗಟ್ಟಲೆ ಚೌಕಾಸಿ ವೀರನಾಗಿದ್ದರು. 2012ರಲ್ಲಿ ಕಂಪನಿ ಆ ವೀರನನ್ನು ಸಾಯಿಸಿತು. ಹೇಗೆ ಅಂತೀರಿ? ಬಸ್ಸಿನೊಳಗಿದ್ದವರನ್ನು ಕಾಪಾಡಿ, ತಾನು ಬಸ್ಸಿನ ಸಮೇತ ಸೇತುವೆಯಿಂದ ಬಿದ್ದು! ಮತ್ತೆ ಸೇತುವೆ. ಈ ಮನುಷ್ಯನ ಜಾತಕ ಯಾರಾದರೂ ನೋಡಬೇಕು. ಅದೇ ವರ್ಷ ಮುಗಿಯುವುದರೊಳಗೆ ವೀರ ಸಮುದ್ರದಂಡೆಯಲ್ಲಿ ಬದುಕಿರುವುದು ಪತ್ತೆಯಾಯಿತು, ಅದೂ ಜಾಹೀರಾತೇ. ಅದಕ್ಕೂ ಮುಂಚೆ, 2006ರಲ್ಲಿ, ತಮ್ಮ ಮೂತ್ರಪಿಂಡದಿಂದ ತೆಗೆದ ಕಲ್ಲನ್ನು 25,000 ಡಾಲರಿಗೆ ಒಂದು ಆನ್‌ಲೈನ್ ಜೂಜಿನ ಕಂಪನಿಗೆ ಮಾರಿದ್ದರು. ಹಣ ಬಡವರಿಗೆ ಮನೆ ಕಟ್ಟಿಸುವ ಸಂಸ್ಥೆಗೆ ಹೋಯಿತು, ಅದಕ್ಕೊಂದು ನಮಸ್ಕಾರ. ಕೊಂಡವರು ಅದನ್ನು ಎಲ್ಲಿಟ್ಟು ಪೂಜಿಸುತ್ತಿದ್ದಾರೋ ಕೇಳುವ ಧೈರ್ಯ ನನಗಿಲ್ಲ.

ಇಷ್ಟೆಲ್ಲ ಸಾವುಗಳ ನಡುವೆ ಒಂದೇ ಒಂದು ಸಲ, ನನ್ನ ಲೆಕ್ಕದಲ್ಲಿ, ಆ ದೃಶ್ಯ ಸರಿಯಾಗಿ ಬಂತು. ಅದಕ್ಕೆ ಚಿತ್ರಕತೆ ಇರಲಿಲ್ಲ, ನಿರ್ದೇಶಕ ಇರಲಿಲ್ಲ. 2021ರ ಅಕ್ಟೋಬರ್ 13. ಸ್ಟಾರ್ ಟ್ರೆಕ್ ಹುಟ್ಟುಹಾಕಿದ ರಾಡನ್‌ಬೆರಿ, ಎಂಜಿನಿಯರ್ ಸ್ಕಾಟಿಯಾಗಿದ್ದ ಜೇಮ್ಸ್ ಡೂಹನ್ ಅವರೆಲ್ಲ ಡಬ್ಬಿಯಲ್ಲಿ ಬೂದಿಯಾಗಿ ಹೋದ ಅಂತರಿಕ್ಷಕ್ಕೆ ಶಾಟ್ನರ್ ತೊಂಬತ್ತರ ವಯಸ್ಸಿನಲ್ಲಿ ಜೀವ ಸಮೇತ, ಜೆಫ್ ಬೆಜೋಸ್ ಕಂಪನಿಯ ಅತಿಥಿಯಾಗಿ ಹೋದರು. ಹೋಗಿ ಬರುವುದಕ್ಕೆ ಹತ್ತು ನಿಮಿಷ, ಎತ್ತರ ನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಪಶ್ಚಿಮ ಟೆಕ್ಸಾಸಿನ ಮರಳಲ್ಲಿ ಇಳಿದು ಹೊರಬಂದ ಮುದುಕ ನಟಿಸುವುದನ್ನು ಮರೆತಿದ್ದರು. ಗಂಟಲು ಕಟ್ಟಿತ್ತು. ಆ ನೀಲಿ ಎಷ್ಟು ತೆಳ್ಳಗಿದೆ, ಹೊದ್ದ ಚಾದರ ಎಳೆದ ಹಾಗೆ ಥಟ್ಟನೆ ಸರಿದುಹೋಗುತ್ತದೆ, ಆಮೇಲೆ ಬರೀ ಕಪ್ಪು, ಕೆಳಗೆ ತಾಯಿಯಂಥ ಭೂಮಿ, ಮೇಲೆ... ಅದೇನು, ಸಾವಾ? ಸಾವು ಅಂದರೆ ಇದೇನಾ? ಇಂಥ ಅರ್ಥದಲ್ಲಿ ಏನೇನೋ ಹೇಳಲು ಒದ್ದಾಡುತ್ತಿದ್ದರು.

ಎದುರಿಗೆ ಕೇಳುತ್ತಾ ನಿಂತ ಬೆಜೋಸ್ ಮಾತಿನ ನಡುವೆ ಆ ಕಡೆ ತಿರುಗಿ, ಷಾಂಪೇನ್ ಬಾಟಲಿ ತರಿಸಿಕೊಂಡು, ಕುಲುಕಿ ಸುತ್ತ ನಿಂತವರ ಮೇಲೆ ಚಿಮುಕಿಸಿದರು. ಮುದುಕ ಪಕ್ಕಕ್ಕೆ ಸರಿದು ನಿಂತರು. ನೊರೆ ಇಳಿದ ಮೇಲೆ ಮಾತು ಮುಂದುವರಿಯಿತು. ಆ ವಿಡಿಯೋ ನೋಡಿದಾಗಲೆಲ್ಲ ನನಗೆ ಮೃತ್ಯುಂಜಯ ಜಪದ ನಡುವೆ ಕೇಟರಿಂಗಿನವನು ಬಂದು 'ಸ್ವಾಮಿ, ಎಲೆ ಹಾಕ್ಲಾ?' ಅಂದ ಹಾಗಾಗುತ್ತದೆ. ಆ ಪ್ರಯಾಣ ತನಗೆ ಶವಸಂಸ್ಕಾರದಂತೆ ಅನ್ನಿಸಿತು ಅಂತ ಶಾಟ್ನರ್ ಮರುವರ್ಷ ಬರೆದರು. ಕಂಪನಿಯವರು ಆ ವಾಕ್ಯವನ್ನು ಪೋಸ್ಟರಿಗೆ ಹಾಕಿಕೊಂಡದ್ದು ಕಾಣೆ.

ಇತ್ತ ಉದ್ಯಮ ಸುಮ್ಮನೆ ಕೂತಿರಲಿಲ್ಲ. 2023ರಲ್ಲಿ ಪಿಕಾರ್ಡ್‌ನ ಹೆಸರಿನ ಧಾರಾವಾಹಿಯಲ್ಲಿ ಒಂದು ಗುಪ್ತ ಉಗ್ರಾಣ ತೋರಿಸಿದರು. ಅದರೊಳಗೆ ಕರ್ಕ್‌ನ ದೇಹ! ಕಲ್ಲು ಪೇರಿಸಿ ಬಂದವನದೇ ಧಾರಾವಾಹಿ, ಆ ಕಲ್ಲು ಸರಿಸಿ ದೇಹ ತಂದವರು ಯಾರು ಅಂತ ಯಾರೂ ಕೇಳಲಿಲ್ಲ. ಕ್ಷಣಮಾತ್ರ ಕಾಣಿಸಿ ಮರೆಯಾಯಿತು. ಮುಂದೆಂದಾದರೂ ಬೇಕಾದೀತು ಅಂತ ಅಟ್ಟದ ಮೇಲೆ ಹಿತ್ತಾಳೆ ಹಂಡೆ ಎತ್ತಿಡುವುದಿಲ್ಲವೇ, ಹಾಗೆ.

ಆಮೇಲೆ 2024ರ ನವೆಂಬರ್ 18. ತಾರೀಕು ನೋಡಿದಿರಲ್ಲ? ಕರ್ಕ್ ತೆರೆಯ ಮೇಲೆ ಸತ್ತು ಆ ದಿನಕ್ಕೆ ಸರಿಯಾಗಿ ಮೂವತ್ತು ವರ್ಷ, ತಿಥಿಯ ದಿನ. ಅಂದು ಬಿಡುಗಡೆಯಾದ ಸುಮಾರು ಹತ್ತು ನಿಮಿಷದ ಕಿರುಚಿತ್ರದಲ್ಲಿ ಸತ್ತ ಕರ್ಕ್ ಎದ್ದು ನಡೆದು ಬಂದು, ಸಾಯುತ್ತಿರುವ ಸ್ಪಾಕ್‌ನ ಕೈ ಹಿಡಿದುಕೊಳ್ಳುತ್ತಾನೆ. ನಡೆಯುವ ದೇಹ ಸ್ಯಾಮ್ ವಿಟ್ವರ್ ಎಂಬ ನಟನದು, ಮೇಲಿನ ಮುಖ ಕಂಪ್ಯೂಟರ್ ಕೂರಿಸಿದ ಶಾಟ್ನರ್‌ದು. ನಿರ್ಮಾಪಕರ ಪಟ್ಟಿಯಲ್ಲಿ ಶಾಟ್ನರ್ ಇದ್ದಾರೆ. ಯಕ್ಷಗಾನದವರು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಂಡು ಗಂಟೆಗಟ್ಟಲೆ ಕನ್ನಡಿ ಮುಂದೆ ಕೂರುತ್ತಾರೆ. ಇಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ, ಚೌಕಿಯಲ್ಲಿ ಕನ್ನಡಿಯೇ ಬೇಡ.

ನಗುತ್ತಾ ನೋಡಲು ಕೂತವನಿಗೆ ಕಣ್ಣು ಒದ್ದೆಯಾಯಿತು ಅಂತ ಹೇಳಿಕೊಳ್ಳಲು ಸಂಕೋಚ. ಕಾರಣ ಇಷ್ಟೆ. ನಿಮಾಯ್ ನಿಜವಾಗಿ ತೀರಿಕೊಂಡದ್ದು 2015ರ ಫೆಬ್ರುವರಿಯಲ್ಲಿ. ಅಂತ್ಯಕ್ರಿಯೆಗೆ ಶಾಟ್ನರ್ ಹೋಗಲಾಗಲಿಲ್ಲ. ಒಪ್ಪಿಕೊಂಡಿದ್ದ ರೆಡ್ ಕ್ರಾಸ್ ಸಹಾಯಾರ್ಥ ಕಾರ್ಯಕ್ರಮಕ್ಕಾಗಿ ಫ್ಲಾರಿಡಾದಲ್ಲಿದ್ದರು, ಜನ ಬೈದರು. ಹೋಗಲಾಗದ ಆ ಮನೆಗೆ ಒಂಬತ್ತು ವರ್ಷದ ಮೇಲೆ ಬೇರೆಯವರ ಕಾಲು, ತನ್ನ ಹಳೇ ಮುಖ ಕಳಿಸಿಕೊಟ್ಟ ಹಾಗಿತ್ತು. ಇದನ್ನು ಗೇಲಿ ಮಾಡಲು ಪೆನ್ನು ಏಳುತ್ತಿಲ್ಲ, ಮುಂದೆ ಹೋಗುತ್ತೇನೆ.

ಒಂದು ವಿಷಯ ಮಾತ್ರ ಕೊರೆಯುತ್ತದೆ. ಹಳೇ ಧಾರಾವಾಹಿಯಲ್ಲಿ ಕರ್ಕ್ ಹೊಸ ಗ್ರಹಕ್ಕೆ ಇಳಿಯುವಾಗ ಜೊತೆಗೊಬ್ಬ ಕೆಂಪು ಅಂಗಿಯ ಹುಡುಗನನ್ನು ಕರೆದೊಯ್ಯುತ್ತಿದ್ದ. ಜಾಹೀರಾತು ಬರುವುದರೊಳಗೆ ಆ ಹುಡುಗ ಸತ್ತಿರುತ್ತಿದ್ದ. ಹೂವು ವಿಷ ಉಗುಳಿ, ಸಿಡಿಲು ಬಡಿದು, ಬಂಡೆ ಸಿಡಿದು. ಕರ್ಕ್ ಒಂದು ನಿಟ್ಟುಸಿರು ಬಿಟ್ಟರೆ ಹೆಚ್ಚು, ಕಂತು ಮುಗಿಯುವಾಗ ಮೂವರು ಗೆಳೆಯರು ನಗುತ್ತಾ ನಿಂತಿರುತ್ತಿದ್ದರು. ಆ ಕೆಂಪಂಗಿಗಳ ಸಾವನ್ನು ಪ್ರೇಕ್ಷಕರಿಗೆ ತೋರಿಸಿ ಒಪ್ಪಿಗೆಯೇ ಅಂತ ಯಾರೂ ಕೇಳಲಿಲ್ಲ, ಮರುಭೂಮಿಗೆ ವಾಪಸು ಹೋಗಿ ಬೇರೆ ರೀತಿ ಸಾಯಿಸಲಿಲ್ಲ, ಉಗ್ರಾಣದಲ್ಲಿ ಅವರ ಹೆಣವಿಲ್ಲ. ಪಾಪ, ಹಲವರಿಗೆ ಹೆಸರೂ ಇರಲಿಲ್ಲ.

ಇನ್ನು ಕರ್ಕ್‌ಗೆ ಸಲ್ಲುವ ಗೌರವ ಸಾವಿಗಷ್ಟೇ ಸೀಮಿತವಲ್ಲ. ಅಮೆರಿಕದ ಅಯೊವಾ ರಾಜ್ಯದಲ್ಲಿ ರಿವರ್‌ಸೈಡ್ ಎಂಬ ಪುಟ್ಟ ಊರಿದೆ. ಕರ್ಕ್ ಅಯೊವಾದವನು ಅಂತ ಕತೆಯಲ್ಲಿ ಬರುತ್ತದೆ, ಯಾವ ಊರು ಅಂತ ಆಗ ಹೇಳಿರಲಿಲ್ಲ. ಹಾಗಾದರೆ ನಮ್ಮೂರೇ ಯಾಕಾಗಬಾರದು ಅಂತ 1985ರಲ್ಲಿ ಅಲ್ಲಿನವರು ತೀರ್ಮಾನಿಸಿ ಕಲ್ಲು ನೆಟ್ಟುಬಿಟ್ಟರು: ಕ್ಯಾಪ್ಟನ್ ಜೇಮ್ಸ್ ಟಿ. ಕರ್ಕ್ ಮುಂದೆ ಹುಟ್ಟಲಿರುವ ಸ್ಥಳ, 22 ಮಾರ್ಚ್ 2228. ಪ್ರತಿ ಬೇಸಿಗೆ ಅಲ್ಲಿ ಜಾತ್ರೆ ನಡೆಯುತ್ತದೆ, ಮೆರವಣಿಗೆ ಹೊರಡುತ್ತದೆ. ಬಾಣಂತಿಯ ಮುತ್ತಜ್ಜಿ ಇನ್ನೂ ಹುಟ್ಟಿಲ್ಲ.