ಕುಂತ್ಕಂಡ್ ತಾನೆ ಹೋಗದು

ಮೊನ್ನೆ ಬೆಳಿಗ್ಗೆ ನಮ್ಮ ಅತ್ತೆ ಫೋನಿನಲ್ಲಿ ಯಾರಿಗೋ ನನ್ನ ವಿಷಯ ಹೇಳುತ್ತಿದ್ದರು. "ಅವ್ಳಿಗೇನ್ ಕಷ್ಟ ಐತವ್ವ? ಕುಂತ್ಕಂಡ್ ಹೋಗದು, ಕುಂತ್ಕಂಡ್ ಬರದು." ನಾನು ಆಗ ಒಲೆ ಮುಂದೆ ನಿಂತಿದ್ದೆ. ಎಡಗೈಯಲ್ಲಿ ಮಗಳ ಜಡೆ, ಬಲಗೈಯಲ್ಲಿ ಮಂಡಕ್ಕಿ ಒಗ್ಗರಣೆಯ ಸೌಟು, ಬಾಯಲ್ಲಿ ಕಚ್ಚಿಕೊಂಡ ರಬ್ಬರ್ ಬ್ಯಾಂಡ್. ಬಾಯಲ್ಲಿ ರಬ್ಬರ್ ಬ್ಯಾಂಡ್ ಇದ್ದಿದ್ದು ಎಲ್ಲರಿಗೂ ಒಳ್ಳೇದಾಯ್ತು.

ಮನೆ ದಾವಣಗೆರೆಯಲ್ಲಿ, ಕೆಲಸ ದುರ್ಗದಲ್ಲಿ. ಮಧ್ಯೆ ಸುಮಾರು 60 ಕಿಲೋಮೀಟರ್. ಕೇಳಿದವರೆಲ್ಲ "ಓ, ಬರೀ ಅರವತ್ತಾ" ಅಂತಾರೆ. ನಮ್ಮ ಕಡೆ ಇದಕ್ಕೆ 'ಅಪ್‌ಡೌನ್ ಮಾಡೋದು' ಅಂತ ಹೆಸರು. ಮೆಟ್ಟಿಲು ಹತ್ತಿ ಇಳಿದ ಹಾಗೆ ಕೇಳಿಸುತ್ತೆ, ಅಲ್ವಾ? ಒಂದಿನ ಕೂತು ಲೆಕ್ಕ ಹಾಕಿದೆ. ದಿನಕ್ಕೆ 120, ತಿಂಗಳಿಗೆ 24 ದಿನ ಅಂದರೂ 2,880 ಕಿಲೋಮೀಟರ್. ಮಗ ಪಕ್ಕದಲ್ಲೇ ಸಮಾಜ ವಿಜ್ಞಾನ ಉರು ಹೊಡೆಯುತ್ತಿದ್ದ, ಭಾರತದ ಉತ್ತರ–ದಕ್ಷಿಣ ಉದ್ದ 3,214 ಕಿಲೋಮೀಟರ್ ಅಂತ. ಅಂದರೆ ಇನ್ನೊಂದು ಮೂರು ದಿನ ರಜೆ ಹಾಕದೆ ಓಡಾಡಿದರೆ ತಿಂಗಳಿಗೊಮ್ಮೆ ಇಡೀ ದೇಶ ಅಳೆದಂತೆ. ಅಷ್ಟು ದೂರ ಹೋಗಿಯೂ ನಾನು ನೋಡಿದ್ದು ಆನಗೋಡು, ಭರಮಸಾಗರ, ಆಮೇಲೆ ದುರ್ಗದ ಗುಡ್ಡದ ಮೇಲಿನ ಗಾಳಿ ಫ್ಯಾನು.

1997ರ ಆಗಸ್ಟ್ 15ರವರೆಗೂ ದಾವಣಗೆರೆ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು. ಆಮೇಲೆ ಬೇರೆ ಜಿಲ್ಲೆ ಮಾಡಿದರು. ನಮ್ಮ ಮಾವನವರು ಇದ್ದಾಗ ಈ ವಿಷಯ ಹೆಮ್ಮೆಯಿಂದ ಹೇಳುತ್ತಿದ್ದರು, ನಾನೂ ಹೂಂ ಅನ್ನುತ್ತಿದ್ದೆ. ಈಗ ಅನ್ನಿಸುತ್ತೆ, ಒಂದೇ ಜಿಲ್ಲೆಯಾಗಿ ಉಳಿದಿದ್ದರೆ ಕನಿಷ್ಠ "ಹೊರ ಜಿಲ್ಲೆಯಿಂದ ಬರ್ತಾರೆ ಪಾಪ" ಅಂತ ಆಫೀಸಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಆ 'ಪಾಪ' ಇದೆಯಲ್ಲ, ಅದರ ಹಿಂದೆಯೇ "ನಾಳೆ ಬರ್ತಾ ಬೆಣ್ಣೆ ದೋಸೆ ತನ್ನಿ" ಅಂತಲೂ ಬರುತ್ತೆ. ಬೆಣ್ಣೆ ದೋಸೆಯನ್ನು ಪಾರ್ಸೆಲ್ ಕಟ್ಟಿಸಿ ಒಂದೂವರೆ ಗಂಟೆ ಬಸ್ಸಿನಲ್ಲಿ ತಂದರೆ ಅದು ದೋಸೆಯಾಗಿ ಉಳಿಯಲ್ಲ, ಬೆಣ್ಣೆ ಹಚ್ಚಿದ ಕರ್ಚೀಫ್ ಆಗಿರುತ್ತೆ. ಆದರೂ ಕೇಳೋದು ಬಿಟ್ಟಿಲ್ಲ.

ರೈಲಿದೆಯಲ್ಲ ಅಂತ ಕೆಲವರು ಬುದ್ಧಿ ಹೇಳುತ್ತಾರೆ. ನಮ್ಮೂರು ಬೆಂಗಳೂರು–ಹುಬ್ಬಳ್ಳಿ ಲೈನಿನಲ್ಲಿದೆ, ದುರ್ಗ ಚಿಕ್ಕಜಾಜೂರಿನಿಂದ ಬಳ್ಳಾರಿ ಕಡೆ ಹೋಗುವ ಲೈನಿನಲ್ಲಿದೆ. ಸೊಂಟ ಬಳಸಿ ಮೂಗು ಹಿಡಿದ ಹಾಗೆ. ತುಮಕೂರಿನಿಂದ ದುರ್ಗದ ಮೇಲೆ ದಾವಣಗೆರೆಗೆ ನೇರ ಮಾರ್ಗದ ಕೆಲಸ ನಡೀತಾ ಇದೆ. ಮಗ ತೊಟ್ಟಿಲಲ್ಲಿದ್ದಾಗಲೇ ಆ ಮಾತು ಕೇಳಿದ್ದೆ. ಈಗ ಅವನಿಗೆ ಮೀಸೆ ಚಿಗುರುತ್ತಿದೆ.

ಹಾಗಾಗಿ ಬಸ್ಸೇ ಗತಿ. ಇನ್ನು ಅತ್ತೆ ಹೇಳಿದ 'ಕುಂತ್ಕಂಡ್' ವಿಷಯಕ್ಕೆ ಬರೋಣ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟ್ ದುಡ್ಡು ಉಳಿಯಿತು. ಸುಳ್ಳು ಯಾಕೆ ಹೇಳಲಿ, ಆ ದುಡ್ಡಲ್ಲೇ ಮಗಳ ಡ್ಯಾನ್ಸ್ ಕ್ಲಾಸಿನ ಫೀಸು ಹೋಗುತ್ತಿದೆ. ಆದರೆ ದುಡ್ಡು ಉಳಿದ ಹಾಗೆ ಸೀಟು ಉಳಿಯಲಿಲ್ಲ. ಎಂಟು ಗಂಟೆಯ ಬಸ್ಸಿನಲ್ಲಿ ಸೀಟು ಸಿಗಬೇಕೆಂದರೆ ಬಸ್ಸು ಪ್ಲಾಟ್‌ಫಾರ್ಮಿಗೆ ಬರುವ ಮೊದಲೇ ಅದರ ಜೊತೆ ಓಡಬೇಕು. ನನಗೆ ಓಡಲು ಬರಲ್ಲ. ನಿಂತು ಅಭ್ಯಾಸ. ಭರಮಸಾಗರದಲ್ಲಿ ನಾಲ್ಕು ಜನ ಇಳಿದರೆ ಒಂದು ಸೀಟು ಸಿಗುತ್ತೆ, ಅದೂ ಹಿಂದಿನ ಚಕ್ರದ ಮೇಲಿನದು. ಮೊಣಕಾಲು ಗದ್ದಕ್ಕೆ ತಾಗುವ ಸೀಟು.

ಮಂಗಳವಾರ ಆಗಿದ್ದನ್ನು ಹೇಳಬೇಕು. ಇನ್ನೂ ಮನೆಯಲ್ಲಿ ಆ ವಿಷಯ ಎತ್ತಿದರೆ ನನ್ನ ಕಿವಿ ಬಿಸಿಯಾಗುತ್ತೆ.

ಬಸ್ಸು ಹೆಬ್ಬಾಳು ಟೋಲ್ ದಾಟಿತ್ತು. ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದರಲ್ಲಿ ಊಟದ ಬ್ಯಾಗು. ಫೋನ್ ಬಂತು. ನಮ್ಮವರು. ಫೋನನ್ನು ಕಿವಿಗೂ ಭುಜಕ್ಕೂ ಮಧ್ಯೆ ಸಿಕ್ಕಿಸಿಕೊಂಡೆ.

"ಸ್ಕೂಟರ್ ಕೀ ಎಲ್ಲಿ?"

"ಅಲ್ಲೇ ಗೂಟದ ಮೇಲಿರುತ್ತೆ ನೋಡ್ರೀ."

"ಇಲ್ಲ."

ಈ 'ಇಲ್ಲ' ಕೇಳಿದರೆ ನನಗೆ ಮೊದಲಿಂದಲೂ ಆಗಲ್ಲ. ಈ ಮನುಷ್ಯ ಫ್ರಿಡ್ಜ್ ಬಾಗಿಲು ತೆಗೆದು ಎದುರಿಗಿರುವ ಮೊಸರನ್ನು 'ಇಲ್ಲ' ಅನ್ನುವವರು. ಹದಿನಾಲ್ಕು ವರ್ಷದಲ್ಲಿ ಇವರು ಹುಡುಕಿ ಸಿಕ್ಕ ಒಂದು ವಸ್ತುವಿಲ್ಲ. ಹಾಗಾಗಿ ನನಗೆ ಯಾವ ಅನುಮಾನವೂ ಬರಲಿಲ್ಲ. ಶುರು ಮಾಡಿದೆ. ನಿನ್ನೆ ಹಾಕಿದ್ದ ಪ್ಯಾಂಟ್ ಜೇಬು ನೋಡಿ. ವಾಷಿಂಗ್ ಮೆಷಿನ್ ಒಳಗೆ ನೋಡಿ. ದೇವರ ಗೂಡು ನೋಡಿ. ದೇವರ ಗೂಡಲ್ಲಿ ಯಾಕೆ ಇರುತ್ತೆ ಅಂದರು. ಹೋದ ತಿಂಗಳು ಅಲ್ಲೇ ಇಟ್ಟಿದ್ರಲ್ಲ, ಊದುಬತ್ತಿ ಸ್ಟ್ಯಾಂಡಿನ ಪಕ್ಕ, ಮರೆತು ಹೋಯ್ತಾ ಅಂದೆ. ಪಾಪ ಅದನ್ನೂ ನೋಡಿದರು. ಮಕ್ಕಳು ಹಿಂದಿನಿಂದ "ಅಪ್ಪಾ ಲೇಟಾಯ್ತು" ಅನ್ನುವುದು ಕೇಳುತ್ತಿತ್ತು. ನನಗೆ ಇನ್ನೂ ಹುರುಪು ಬಂತು. ಬಸ್ಸಿನ ಸದ್ದಿಗೆ ದನಿ ಏರಿಸಲೇಬೇಕಲ್ಲ, ಏರಿಸಿದೆ. ಒಂದು ವಸ್ತು ತಗೊಂಡ ಜಾಗದಲ್ಲಿ ಇಡೋ ಅಭ್ಯಾಸ ಇಲ್ಲ ನಿಮಗೆ, ನಾನು ಮನೆಯಲ್ಲಿ ಇಲ್ಲ ಅಂದ್ರೆ ಒಂದು ಕೀ ಕಾಯೋಕಾಗಲ್ಲ, ನಾಳೆ ಮಕ್ಕಳನ್ನೂ ಎಲ್ಲೋ ಇಟ್ಟು ಮರೀತೀರ.

ಅಷ್ಟೊತ್ತಿಗೆ ಅರ್ಧ ಬಸ್ಸು ನನ್ನ ಕಡೆ ಆಗಿತ್ತು. ಪಕ್ಕದಲ್ಲಿ ನಿಂತಿದ್ದ ಹೂವಿನ ಬುಟ್ಟಿಯ ಅಜ್ಜಿ "ಗಂಡ್ಮಕ್ಳೇ ಹಂಗೆ ಬಿಡವ್ವ" ಅಂದಳು. ದಿನಾ ನಮ್ಮ ಜೊತೆ ಬರುವ ಸರ್ವೆ ಇಲಾಖೆಯ ಸಾಹೇಬರೊಬ್ಬರಿದ್ದಾರೆ, ಬಸ್ಸು ಹೊರಟ ಕೂಡಲೇ ಕಣ್ಣು ಮುಚ್ಚಿದರೆ ದುರ್ಗದಲ್ಲೇ ತೆಗೆಯೋದು. ಅವರೂ ಎದ್ದು ಕೂತು ಕೇಳುತ್ತಿದ್ದರು. "ಸೋಫಾ ಸಂದಿ ನೋಡೋಕೆ ಹೇಳಿ ಮೇಡಂ" ಅಂತ ಒಂದು ಸಲಹೆಯನ್ನೂ ಕೊಟ್ಟರು. ನಾನು ಅದನ್ನೂ ಹೇಳಿದೆ. ಸೋಫಾ ಎಳೆಯುವ ಸದ್ದು ಫೋನಿನಲ್ಲಿ ಕೇಳಿಸಿತು.

ಆಗಲೇ ಜನರ ಮಧ್ಯೆ ನುಸುಳಿಕೊಂಡು ಕಂಡಕ್ಟರ್ ಬಂದರು. "ಆಧಾರ್ ಅಕ್ಕಾ." ಬ್ಯಾಗಿನ ಮುಂದಿನ ಜಿಪ್ಪು ಎಳೆದು ಕೈ ಹಾಕಿದೆ. ಆಧಾರ್ ಕಾರ್ಡ್ ಬಂತು. ಅದರ ಜೊತೆಗೆ ಏನೋ ಸಿಕ್ಕಿಕೊಂಡು ಬಂತು. ನಾಲ್ಕು ಬೀಗದ ಕೈ, ಮಧ್ಯೆ ಉಳವಿ ಜಾತ್ರೆಯಲ್ಲಿ ತಗೊಂಡ ಹಿತ್ತಾಳೆ ಗಂಟೆ. ಆ ಗಂಟೆ ಅಲ್ಲಾಡಿತು. ಅದರ ಸದ್ದು ನನಗೆ ಗೊತ್ತು, ಇಡೀ ಮನೆಗೆ ಗೊತ್ತು.

ಹಿಂದಿನ ರಾತ್ರಿ ಹಾಲು ತರಲು ಸ್ಕೂಟರ್ ತಗೊಂಡು ಹೋಗಿದ್ದು ನಾನು.

ನಾನು ಏನೂ ಮಾತಾಡಲಿಲ್ಲ. ಕೀಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದೆ. ಏನು ಹೇಳಬೇಕು ಅಂತ ಯೋಚಿಸುತ್ತಿದ್ದೆ. ಸಿಗ್ನಲ್ ಹೋಯ್ತು ಅನ್ನೋದಾ, ಅಥವಾ ಅವರೇ ಹುಡುಕಿ ಸುಸ್ತಾಗಲಿ ಅಂತ ಬಿಡೋದಾ. ಅಷ್ಟರಲ್ಲಿ ಕಂಡಕ್ಟರ್, ಒಳ್ಳೆಯ ಮನುಷ್ಯ, ಇಡೀ ಬಸ್ಸಿಗೆ ಕೇಳುವ ಹಾಗೆ "ಅಕ್ಕಾ, ಕೀ ಸಿಕ್ತಲ್ಲ!" ಅಂದರು.

ಫೋನಿನ ಆ ಕಡೆ ಸೋಫಾ ಎಳೆಯುವ ಸದ್ದು ನಿಂತಿತು.

ಸಾಹೇಬರು ಮತ್ತೆ ಕಣ್ಣು ಮುಚ್ಚಿಕೊಂಡರು. ಅಜ್ಜಿ ಕಿಟಕಿಯ ಆಚೆ ನೋಡತೊಡಗಿದಳು. ಕಂಡಕ್ಟರ್ ನನ್ನ ಕೈಗೆ ಸೊನ್ನೆ ರೂಪಾಯಿಯ ಟಿಕೆಟ್ ಇಟ್ಟರು. ಆ ಕ್ಷಣಕ್ಕೆ ನನ್ನ ಬೆಲೆಯೂ ಅಷ್ಟೇ ಇತ್ತು.

ಬೇರೆ ಕೀ ಇಲ್ವಾ ಅಂತ ನೀವು ಕೇಳಬಹುದು. ಇದೆ, ಬೀರುವಿನಲ್ಲಿ. ಬೀರುವಿನ ಕೀ ಇದೇ ಗೊಂಚಲಿನಲ್ಲಿದೆ. ನಮ್ಮವರ ಅಂಗಡಿಯ ಷಟರ್ ಕೀಯೂ ಇದರಲ್ಲೇ. ಅಂದರೆ ಒಂದು ಇಡೀ ಸಂಸಾರಕ್ಕೆ ಬೀಗ ಹಾಕಿಕೊಂಡು ನಾನು ಭರಮಸಾಗರ ದಾಟುತ್ತಿದ್ದೆ.

ಮಕ್ಕಳು ಪಕ್ಕದ ಮನೆಯವರ ಜೊತೆ ಆಟೋದಲ್ಲಿ ಹೋದರು. ಕೀ ಕಳಿಸಬೇಕಿತ್ತು. ದುರ್ಗ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಕಡೆಯ ಬಸ್ಸೊಂದು ಹೊರಡಲು ನಿಂತಿತ್ತು. ಕಂಡಕ್ಟರನ್ನು ಕೇಳಿಕೊಂಡೆ. "ಕೊಡ್ರೀ ಅಕ್ಕಾರ, ಏನ್ ಹೊರೆ ಐತೇನು" ಅಂತ ತಗೊಂಡರು. ಈ ಒಂದು ವಿಷಯಕ್ಕೆ ನಮ್ಮ ಬಸ್ಸಿನವರಿಗೆ ಕೈ ಮುಗಿಯಬೇಕು. ಮಾತ್ರೆ, ಕನ್ನಡಕ, ಉಪ್ಪಿನಕಾಯಿ ಡಬ್ಬಿ, ಏನು ಕೊಟ್ಟರೂ ಒಯ್ದು ಮುಟ್ಟಿಸುತ್ತಾರೆ. ಬಸ್ಸಿನ ನಂಬರಿನ ಫೋಟೋ ತೆಗೆದು ನಮ್ಮವರಿಗೆ ಕಳಿಸಿದೆ. ಹತ್ತೂವರೆಗೆ ಸ್ಟ್ಯಾಂಡಿನಲ್ಲಿ ಇರಿ ಅಂತ ಬರೆದೆ. ಆಫೀಸಿಗೆ ಹೋಗುವಷ್ಟರಲ್ಲಿ ಹಾಜರಿ ಪುಸ್ತಕ ಒಳಗೆ ಹೋಗಿತ್ತು. ಅದು ಬೇರೆ ಕಥೆ.

ಹನ್ನೊಂದಕ್ಕೆ ಫೋನ್ ಮಾಡಿದರೆ ಕೀ ಸಿಕ್ಕಿಲ್ಲ. ಬಸ್ಸು ಹೊರಟು ಹೋಗಿದೆ.

"ನೀವೆಲ್ಲಿದ್ರಿ?"

"ಇಲ್ಲೇ."

"ಇಲ್ಲೇ ಅಂದ್ರೆ?"

"ಬೆಳಿಗ್ಗೆಯಿಂದ ಸೋಫಾ ಎಳೆದು ಎಳೆದು ಹಸಿವಾಗಿತ್ತು. ದೋಸೆ ತಿನ್ನೋಕೆ ಹೋಗಿದ್ದೆ."

ದುರ್ಗದಲ್ಲಿ ಕೆಲಸ ಮಾಡುವವಳಿಗೆ ಇಂಥ ಹೊತ್ತಿನಲ್ಲಿ ಯಾರು ನೆನಪಾಗುತ್ತಾರೆ ಹೇಳಿ. ಓಬವ್ವ. ಅವಳ ಗಂಡನೂ ಊಟಕ್ಕೇ ಹೋಗಿದ್ದ. ಗಂಡ ಉಣ್ಣುವ ಹೊತ್ತಿನಲ್ಲಿ ಹೆಂಡತಿ ಒನಕೆ ಹಿಡಿದು ಕಿಂಡಿಯ ಮುಂದೆ ನಿಂತಳು. ಹೈದರಾಲಿಯ ಕಾಲದಿಂದ ಈ ವ್ಯವಸ್ಥೆ ಹೆಚ್ಚೇನೂ ಬದಲಾಗಿಲ್ಲ. ಅವಳಿಗೆ ಅಪ್‌ಡೌನ್ ಇರಲಿಲ್ಲ ಅನ್ನೋದೊಂದೇ.

ಕೀ ಹರಿಹರಕ್ಕೆ ಹೋಗಿತ್ತು. ಅಲ್ಲಿ ಕಂಡಕ್ಟರ್ ಅದನ್ನು ಕಂಟ್ರೋಲರ್ ಕೈಗೆ ಕೊಟ್ಟು ಮುಂದೆ ಹೋಗಿದ್ದರು. ನಮ್ಮವರು ಟಿಕೆಟ್ ತಗೊಂಡು, ಹೌದು, ದುಡ್ಡು ಕೊಟ್ಟು, ಅವರಿಗೆ ಶಕ್ತಿ ಇಲ್ಲವಲ್ಲ, ಹರಿಹರಕ್ಕೆ ಹೋಗಿ ಕೀ ತಂದರು. ಅಂಗಡಿ ತೆಗೆದಾಗ ಮಧ್ಯಾಹ್ನ ಒಂದು ಗಂಟೆ. ಆ ದಿನ ನಾನು ಓಡಾಡಿದ್ದು 120 ಕಿಲೋಮೀಟರ್. ಕೀ ದುರ್ಗಕ್ಕೆ ಬಂದು, ದಾವಣಗೆರೆ ದಾಟಿ, ಹರಿಹರ ನೋಡಿಕೊಂಡು ಮನೆ ಸೇರುವಾಗ ನನಗಿಂತ ಜಾಸ್ತಿ ಓಡಾಡಿತ್ತು. ಅದೂ ಕಂಡಕ್ಟರ್ ಸೀಟಿನಲ್ಲಿ, ಅವರ ಚೀಲದೊಳಗೆ. ನಮ್ಮ ಮನೆಯಲ್ಲಿ ನಿಜವಾಗಿ ಕುಂತ್ಕಂಡ್ ಹೋಗಿ ಕುಂತ್ಕಂಡ್ ಬಂದಿದ್ದು ಅದೊಂದೇ.

ಬೆಳಿಗ್ಗೆ ತಡವಾಗಿದ್ದಕ್ಕೆ ಸಂಜೆ ಕೂತು ಕೆಲಸ ಮುಗಿಸಬೇಕಾಯ್ತು. ಹೈವೇ ಬಸ್ಸುಗಳು ಒಂದರ ಹಿಂದೊಂದು ತುಂಬಿಕೊಂಡು ಬಂದವು. ಮನೆ ತಲುಪಿದಾಗ ಒಂಬತ್ತೂವರೆ. ಮಗಳು ಮಲಗಿದ್ದಳು. ಟಿವಿ ಮೇಲೆ ನನ್ನ ಓಲೆಯ ಪುಟ್ಟ ಡಬ್ಬಿ. ಮುಟ್ಟಬೇಡಿ, ಅಮ್ಮನೇ ತೆಗೀಬೇಕು ಅಂತ ಹೇಳಿ ಮಲಗಿದ್ದಳಂತೆ. ತೆಗೆದೆ. ಹತ್ತಿಯ ಮೇಲೆ ಒಂದು ಹಲ್ಲು, ಅಕ್ಕಿ ಕಾಳಿಗಿಂತ ಒಂಚೂರು ದೊಡ್ಡದು. ಎರಡು ವಾರದಿಂದ ಅದು ಅಲ್ಲಾಡುತ್ತಿತ್ತು. ದಿನಾ ರಾತ್ರಿ ನನ್ನ ಬೆರಳು ಹಿಡಿದು ಅಲ್ಲಾಡಿಸಿ ನೋಡು ಅನ್ನುತ್ತಿದ್ದಳು. ಬೀಳುವಾಗ ನೀನು ಇರಬೇಕು ಅಂದಿದ್ದಳು, ನಾನು ಹೂಂ ಅಂದಿದ್ದೆ. ಬಿದ್ದಿದ್ದು ಮಧ್ಯಾಹ್ನ, ಶಾಲೆಯಲ್ಲಿ, ಚಪಾತಿ ಕಚ್ಚುವಾಗ. ಫೋನಿನ ಟಾರ್ಚಿಗೆ ಬೆರಳು ಅಡ್ಡ ಹಿಡಿದು ಬೆಳಕು ಕಮ್ಮಿ ಮಾಡಿಕೊಂಡು ನೋಡಿದೆ. ಬಾಯಿ ತೆರೆದೇ ಮಲಗಿದ್ದಳು. ಮುಂದೆ ಒಂದು ಕಿಂಡಿ.

ಅತ್ತೆ ಎದ್ದು ಬಂದು ಸಾರು ಬಿಸಿ ಮಾಡಿದರು. ಹಲ್ಲನ್ನು ಸಗಣಿಯಲ್ಲಿಟ್ಟು ಹಂಚಿನ ಮೇಲೆ ಎಸೀಬೇಕು, ನಮ್ಮದು ಆರ್‌ಸಿಸಿ, ಏನ್ ಮಾಡದು ಅಂತ ಯೋಚನೆ ಅವರಿಗೆ. ನಾನು ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತಿದ್ದೆ. "ಕುಂತ್ಕಂಡ್ ಉಣ್ಣು" ಅಂದರು. ಬೆಳಿಗ್ಗೆಯಿಂದ ಯಾರಾದರೂ ನನಗೆ ಕೂತ್ಕೋ ಅಂದಿದ್ದು ಅದೇ ಮೊದಲು.

ಮರುದಿನ ನಮ್ಮವರು ಬಾಗಿಲಲ್ಲೇ ನಿಲ್ಲಿಸಿದರು. ಬ್ಯಾಗ್ ಕೊಡು ಅಂದರು. ಕೊಟ್ಟೆ, ಕೊಡದೆ ಏನು ಮಾಡೋದು. ಒಂದೊಂದಾಗಿ ಎಲ್ಲ ತೆಗೆದು ಟೀಪಾಯಿ ಮೇಲೆ ಇಟ್ಟರು. ಬಾಚಣಿಗೆ, ಎರಡು ಸೇಫ್ಟಿ ಪಿನ್, ಹಳೇ ಟಿಕೆಟ್ಟಿನ ಒಂದು ಕಂತೆ, ಮಗನ ಮುರಿದ ಕಂಪಾಸು, ಅರ್ಧ ತಿಂದ ಕಡಲೆ ಚಿಕ್ಕಿ. ಕೀ ಇರಲಿಲ್ಲ. ಬಹಳ ತೃಪ್ತಿಯಿಂದ ಎಲ್ಲವನ್ನೂ ವಾಪಸ್ ತುಂಬಿ "ಹೂಂ, ಹೊರಡು" ಅಂದರು.

ಹೆಬ್ಬಾಳು ಟೋಲ್ ದಾಟಿದ ಮೇಲೆ ಕಂಡಕ್ಟರ್ ಬಂದರು. ನಿನ್ನೆಯವರೇ. ನನ್ನನ್ನು ನೋಡಿ ನಕ್ಕರು. ಮುಂದಿನ ಜಿಪ್ಪು ಎಳೆದು ಕೈ ಹಾಕಿದೆ. ಬಾಚಣಿಗೆ ಬಂತು, ಚಿಕ್ಕಿ ಬಂತು. ಆಧಾರ್ ಟೀಪಾಯಿ ಮೇಲೇ ಉಳಿದಿತ್ತು.

ಟಿಕೆಟ್ ತಗೊಂಡೆ. ಮನೆಗೆ ಫೋನ್ ಮಾಡಿದೆ. ಈ ಸಲ ದನಿ ಎಷ್ಟು ಏರಿಸಿದರೂ ತಪ್ಪಿರಲಿಲ್ಲ.