ಭೂಮಿ ಉಳಿಯಲಿ, ಮೊದಲು ಸುಂಕ ಕಟ್ಟಿ

ಶೇ 3,521. ಮೀಟರ್ ಬಡ್ಡಿಯವನೂ ಕೇಳಲು ನಾಚುವ ಈ ದರವನ್ನು ಕಾಂಬೋಡಿಯಾದ ಕೆಲವು ಕಂಪನಿಗಳ ಸೌರಫಲಕಗಳ ಮೇಲೆ 2025ರ ಏಪ್ರಿಲ್‌ನಲ್ಲಿ ಗೊತ್ತುಮಾಡಿದ್ದು ಅಮೆರಿಕದ ವಾಣಿಜ್ಯ ಇಲಾಖೆ. ನೂರು ರೂಪಾಯಿಯ ಮಾಲಿಗೆ ಮೂರೂವರೆ ಸಾವಿರ ಸುಂಕ. ಮೆಚ್ಚಬೇಕಾದದ್ದು ಕೊನೆಯ ಆ ಒಂದನ್ನು. 3,520ಕ್ಕೆ ನಿಲ್ಲಿಸಿದ್ದರೆ ಅಮೆರಿಕದ ಉದ್ಯಮ ಮುಳುಗಿಯೇ ಹೋಗುತ್ತಿತ್ತು!

ಪರಿಸರಸ್ನೇಹಿ ಸರಕಿಗೆ ಸುಂಕವೇ ಬೇಡವೆಂದು ಅಮೆರಿಕ, ಯುರೋಪು, ಚೀನಾದಂಥ ಇದೇ ದೊಡ್ಡವರು 2014ರಲ್ಲಿ ಜಿನೀವಾದಲ್ಲಿ ಮಾತುಕತೆಗೆ ಕುಳಿತಿದ್ದರು. ವಿಶ್ವ ವ್ಯಾಪಾರ ಸಂಸ್ಥೆಯ 46 ಸದಸ್ಯರು, ಎರಡೂವರೆ ವರ್ಷ. 2016ರ ಡಿಸೆಂಬರ್‌ನಲ್ಲಿ ಎಲ್ಲರೂ ಕೈಕೊಡವಿ ಎದ್ದರು. ಮುನಿಸಿನ ಕಾರಣಗಳಲ್ಲೊಂದು ಸೈಕಲ್. ಹೌದು, ಸೈಕಲ್ಲೇ. ಎರಡು ಚಕ್ರ, ಒಂದು ಚೈನು, ಒಂದು ಗಂಟೆ. ಹೊಗೆ ಬಿಡಲು ಕೊಳವೆಯೇ ಇಲ್ಲ. ಇದನ್ನು ಪಟ್ಟಿಗೆ ಸೇರಿಸಿ ಎಂದಿತು ಚೀನಾ. ಸೈಕಲ್ ಪಥಗಳಿಗೆ ಜಗತ್ತಿನಿಂದಲೇ ಚಪ್ಪಾಳೆ ಗಿಟ್ಟಿಸುವ ಯುರೋಪು ಒಪ್ಪಲಿಲ್ಲ. ಚೀನಾದ ಸೈಕಲ್ಲಿಗೆ ಅದು ಶೇ 48.5ರಷ್ಟು ಸುಂಕ ಜಡಿದು ಕುಳಿತಿತ್ತು, ಬಿಡುವುದು ಹೇಗೆ?

ಅದಕ್ಕೂ ಮೊದಲು, 2012ರಲ್ಲಿ, ಏಷ್ಯಾ-ಪೆಸಿಫಿಕ್ ರಾಷ್ಟ್ರಗಳು 54 ಪರಿಸರ ಸರಕುಗಳ ಪಟ್ಟಿಯೊಂದನ್ನು ಒಪ್ಪಿದ್ದವು. ಅದರಲ್ಲಿ ಬಿದಿರಿನ ನೆಲಹಾಸಿಗೆ ಸ್ಥಾನವಿದೆ. ಈ ಶುಭವಾರ್ತೆಯನ್ನು ನಮ್ಮ ಮೇದಾರರಿಗೆ ಯಾರೂ ತಿಳಿಸಿದಂತಿಲ್ಲ. ಮೊರ, ಬುಟ್ಟಿ ಹೆಣೆಯುತ್ತ ಸಂತೆಯಲ್ಲಿ ಚೌಕಾಸಿಗೆ ಸೋಲುವ ಅವರನ್ನು ಹಸಿರು ತಂತ್ರಜ್ಞರೆಂದು ಕರೆದು ಒಂದು ಶಾಲನ್ನಾದರೂ ಹೊದಿಸಬಹುದಿತ್ತು. ಪ್ಲಾಸ್ಟಿಕ್ ಮೊರ ಬಂದ ಮೇಲೆ ಅದೂ ತಡವಾಯಿತೇನೋ.

ಭಾರತ ತನ್ನ ಸೌರ ಯೋಜನೆಗೆ ದೇಶೀಯ ಕೋಶಗಳೇ ಬೇಕೆಂದಾಗ ಅಮೆರಿಕ 2013ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು, 2016ರಲ್ಲಿ ಗೆದ್ದಿತು. ಮುಕ್ತ ವ್ಯಾಪಾರಕ್ಕೆ ಅಪಚಾರವಂತೆ. 2022ರಲ್ಲಿ ಅದೇ ಅಮೆರಿಕ, ಸ್ವದೇಶಿ ಸಾಮಗ್ರಿ ಬಳಸುವ ಸೌರ ಯೋಜನೆಗೆ ಹೆಚ್ಚುವರಿ ತೆರಿಗೆ ವಿನಾಯಿತಿ ಕೊಡುವ ಕಾನೂನು ತಂದಿತು. ನಾವೇನು ಕಡಿಮೆ? ಅದೇ ವರ್ಷದ ಏಪ್ರಿಲ್‌ನಿಂದ ಆಮದು ಫಲಕಕ್ಕೆ ಶೇ 40 ಸುಂಕ ಹಾಕಿದೆವು. ಪಾವಗಡದ ಬಿಸಿಲಿಗೆ ಮಾತ್ರ ಇನ್ನೂ ಯಾರೂ ಸುಂಕ ಹಾಕಿಲ್ಲ, ಅದು ನಮ್ಮದೇ ಉತ್ಪಾದನೆ.

ತಮ್ಮ ಕಾರ್ಖಾನೆ, ತಮ್ಮ ಕಾರ್ಮಿಕರು ಉಳಿಯಲಿ ಎನ್ನುವುದು ತಪ್ಪಲ್ಲ. ಅಗ್ಗದ ಮಾಲಿನ ಹೊಡೆತಕ್ಕೆ ಕೆಲಸ ಕಳೆದುಕೊಂಡವನ ಸಂಕಟ ತಮಾಷೆಯೂ ಅಲ್ಲ. ಹಾಗಿದ್ದರೆ ಅದನ್ನೇ ನೇರವಾಗಿ ಹೇಳಿ. ವರ್ಷವರ್ಷವೂ ವಿಮಾನ ಹತ್ತಿ ಹವಾಮಾನ ಸಮ್ಮೇಳನಕ್ಕೆ ಹೋಗಿ, ಸಮಯ ಮೀರುತ್ತಿದೆ ಎಂದು ಗದ್ಗದಿತರಾಗಿ, ಊರಿಗೆ ಮರಳಿ ಸುಂಕದ ಕಡತಕ್ಕೆ ಸಹಿ ಹಾಕುವುದನ್ನು ನೋಡಿ ನೋಡಿ ಸಾಕಾಗಿದೆ.